ಹುಂಜದ ಚಿತ್ರವಿದ್ದ ಒಲೆ

ಮಾನ್ಯ ಅಧ್ಯಕ್ಷರಾದ ಥ್ಯಾಡಿಯಸ್ ಮರ್ಚ್ ಅವರೇ, ವೇದಿಕೆಯ ಹಿರಿಯರೇ, ಬೆಂಚು ಸಿಕ್ಕವರೇ, ಸಿಗದೆ ಗೋಡೆಗೆ ಒರಗಿದವರೇ, ಒರೆಗಾನಿಗೆ ಬಂಡಿಯಲ್ಲಿ ಬಂದವರ ಸಂಘದ ಸಮಸ್ತ ಸಭಿಕರೇ,

ಆ ಗೋಡೆಗೆ ಮೊನ್ನೆಯಷ್ಟೇ ಸುಣ್ಣ ಹೊಡೆದಿದ್ದಾರೆ, ನೋಡಿಕೊಂಡು ಒರಗಿ. ನಾನು ತಿರ್ಜಾ ಲಾಕ್ರಿಜ್. ಓದಿದ್ದು ಶಾಲೆಯ ಎರಡನೆಯ ಪುಸ್ತಕದ ಅರ್ಧದವರೆಗೆ. ಅಷ್ಟರಲ್ಲಿ ಅಪ್ಪ ಬಂಡಿ ಕಟ್ಟಿದರು. ನನ್ನ ಮಾತಿನಲ್ಲಿ ತಪ್ಪಿದ್ದರೆ ಎತ್ತುಗಳನ್ನು ಬೈಯಿರಿ.

ನಮ್ಮಮ್ಮನ ಹೆಸರು ಕೆತ್ತಿಸಿದ ಈ ಕಲ್ಲನ್ನು ಸಂಘದವರು ಇಂದು ನನಗೆ ಒಪ್ಪಿಸಿದ್ದಾರೆ. ಸೋಮವಾರದ ರೈಲಿನಲ್ಲಿ ಇಬ್ಬರು ಇದನ್ನು ಪೂರ್ವಕ್ಕೆ ಒಯ್ದು, ಅಮ್ಮನನ್ನು ಹೂಳಿದ ಜಾಗದಲ್ಲಿ ನಿಲ್ಲಿಸುತ್ತಾರಂತೆ. ಜಾಗ ತೋರಿಸಬೇಕಾದವಳು ನಾನು. ಹದಿನೈದು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಮೊದಲು ರೈಲು ತಪ್ಪಿಬಿಟ್ಟರೆ ಎಂಬ ಚಿಂತೆ. ಆಮೇಲೆ, ತಪ್ಪದೇ ಹೋದರೆ ಎಂಬ ಚಿಂತೆ.

ಆಗ ನನಗೆ ಒಂಬತ್ತು ವರ್ಷ. ಅಮ್ಮ ಬೆಳಿಗ್ಗೆ ಅಪ್ಪನಿಗೆ, "ನೀವು ಮಾಡಿದ ಕಾಫಿಯಲ್ಲಿ ಎತ್ತಿನ ಗೊರಸು ತೊಳೀಬಹುದು" ಎಂದಿದ್ದಳು. ಸಂಜೆಗೆ ಕಾಲರಾ ಅವಳನ್ನು ಮುಗಿಸಿತ್ತು. ಮರುದಿನ ದಾರಿಯ ನಟ್ಟನಡುವೆ ಹೂಳಿದರು. ಇಲ್ಲಿರುವ ಮಕ್ಕಳಿಗೆ ಗೊತ್ತಿರಲಾರದು: ಪಕ್ಕದಲ್ಲಿ ಹೂಳಿದರೆ ತೋಳಗಳು ಬಿಡುತ್ತಿರಲಿಲ್ಲ. ಅದಕ್ಕೇ ದಾರಿಯಲ್ಲೇ ಹೂಳಿ, ಅಷ್ಟೂ ಬಂಡಿಗಳನ್ನು ಅದರ ಮೇಲೆ ಹೊಡೆಯುತ್ತಿದ್ದೆವು. ಮಣ್ಣು ಗಟ್ಟಿಯಾಗಬೇಕು, ವಾಸನೆ ಅಳಿಯಬೇಕು, ಗುರುತೇ ಉಳಿಯಬಾರದು. ಕ್ರೂರವೇ? ಪ್ರೀತಿಯೇ? ಎರಡೂ ಆಗಿದ್ದರೆ ಬೇಡವೆನ್ನಲಾದೀತೇ? ಅಪ್ಪ ನಮ್ಮ ಬಂಡಿಯನ್ನೇ ಮೊದಲು ಹೊಡೆದರು.

ಹೊಡೆಯುವ ಮುಂಚೆ ನನ್ನನ್ನು ಕರೆದು, "ತಿರ್ಜಾ, ನನ್ನ ಕೈಲಿ ನೋಡೋಕಾಗಲ್ಲ. ನೀನು ನೋಡಿಕೋ, ಒಂದು ಗುರುತು ಇಟ್ಟುಕೋ ಮಗಾ" ಎಂದರು.

ಮರವಿಲ್ಲ, ಬಂಡೆಯಿಲ್ಲ, ಬರೀ ಹುಲ್ಲು. ದಾರಿಯ ಬದಿಗೆ, ಭಾರ ತಾಳದೆ ಯಾರೋ ಎಸೆದ ಒಲೆಯೊಂದಿತ್ತು. ಒಂದು ಕಾಲು ಮುರಿದಿತ್ತು, ಅದರ ಪುಟ್ಟ ಬಾಗಿಲ ಮೇಲೆ ಜುಟ್ಟಿಲ್ಲದ ಹುಂಜದ ಚಿತ್ರ. ಅದನ್ನೇ ಗುರುತು ಮಾಡಿಕೊಂಡೆ. ಕಬ್ಬಿಣದ ಒಲೆ ಎಲ್ಲಿಗೆ ಓಡಿಹೋದೀತು?

ಎಲ್ಲಿಗೆ ಎಂದು ಹೇಳುತ್ತೇನೆ. ಮೂರು ವರ್ಷವಾದ ಮೇಲೆ ಡ್ರುಸಿಲ್ಲಾ ಹ್ಯಾಚ್ ಅವರ ಮನೆಗೆ ಹೋದೆ. ಅವರು ನಮಗಿಂತ ಎರಡು ವಾರ ತಡವಾಗಿ ಅದೇ ದಾರಿಯಲ್ಲಿ ಬಂದವರು. ಅಡಿಗೆಮನೆಯಲ್ಲಿ ಆ ಹುಂಜ ನನ್ನನ್ನೇ ನೋಡುತ್ತಿತ್ತು.

"ಅತ್ತೆ, ಈ ಒಲೆ ಎಲ್ಲಿ ಕೊಂಡ್ರಿ?"

"ಕೊಳ್ಳೋದಾ? ದಾರೀಲಿ ಬಿದ್ದಿತ್ತು ಕಣೇ. ನಮ್ಮೆಜಮಾನ್ರು ಬೇಡ ಅಂದ್ರು. ಹಾಗಾದ್ರೆ ನೀವಿಳೀರಿ, ಒಲೆ ಹತ್ತಲಿ ಅಂದೆ."

"ಬಿದ್ದಿದ್ದ ಜಾಗದಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ. ಏನಾದ್ರೂ ಇದ್ದಿದ್ರೆ ನೆನಪಿರ್ತಿತ್ತು."

ಡ್ರುಸಿಲ್ಲಾ ಅತ್ತೆ ಮೂರನೆಯ ಸಾಲಿನಲ್ಲಿದ್ದಾರೆ. ಅಳಬೇಡಿ ಅತ್ತೆ, ಆ ಒಲೆಯ ರೊಟ್ಟಿ ತಿಂದೇ ನಾನು ಬೆಳೆದದ್ದು. ನಿಮಗೆ ಹೇಳಬೇಕೆಂದು ಎಷ್ಟು ಸಲ ಬಂದೆ. ಪ್ರತಿ ಸಲವೂ ರೊಟ್ಟಿ ಬಿಸಿಯಿರುತ್ತಿತ್ತು.

ಅಪ್ಪ ಪ್ರತಿ ವಸಂತದಲ್ಲೂ ಕೇಳುತ್ತಿದ್ದರು, "ಜಾಗ ನೆನಪಿದೆಯೇನಮ್ಮ?" "ಇದೆ ಅಪ್ಪ" ಎನ್ನುತ್ತಿದ್ದೆ. ಗುರುತು ಏನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ತಮ್ಮ ಕೊನೆಯ ಚಳಿಗಾಲದಲ್ಲಿ ಅತ್ತೆಯ ಮನೆಯಲ್ಲಿ ಆ ಒಲೆಗೆ ಕೈ ಕಾಯಿಸುತ್ತಾ, ಮುರಿದ ಕಾಲನ್ನು ತುಂಬಾ ಹೊತ್ತು ನೋಡಿದರು. "ಒಳ್ಳೇ ಒಲೆ" ಎಂದರು. ಆಮೇಲೆ ಜಾಗದ ಮಾತೇ ಎತ್ತಲಿಲ್ಲ. ತಿಳಿದು ಸುಮ್ಮನಾದರೋ, ಮರೆತರೋ? ನನ್ನ ಚಿಂತೆಗಳಲ್ಲಿ ಅದೂ ಒಂದು.

ಸಭಿಕರೇ, ನನಗೆ ಜಾಗ ಗೊತ್ತಿಲ್ಲ. ಅಪ್ಪನಿಗೆ ಹೇಳಲಾಗದ ಮಾತನ್ನು ಇನ್ನೂರು ಜನರಿಗೆ ಹೇಳುತ್ತಿದ್ದೇನೆ. ದಯವಿಟ್ಟು ಕಲ್ಲನ್ನು ರೈಲಿಗೆ ಹಾಕಬೇಡಿ. ಈ ಅಂಗಳದಲ್ಲೇ ನೆಡಿ. ಅಮ್ಮ ಇಲ್ಲಿಲ್ಲ, ನಿಜ. ಆದರೆ ಅವಳು ಹೊರಟದ್ದು ಇಲ್ಲಿಗೇ. ಹೆಸರಾದರೂ ಬಂದು ಸೇರಲಿ.

ಕಲ್ಲು ಕೆತ್ತಿದವರಿಗೂ, ಹೊತ್ತು ತಂದವರಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೂ ಋಣಿ. ಎಲ್ಲರಿಗೂ ನಮಸ್ಕಾರ.