ಆಬ್ದಾರನ ಗುಟುಕು

ಕಮಲಾಪುರದ ಹಳ್ಳ ತುಂಬಿ ಹರಿಯುತ್ತಿತ್ತು. ಕಲಬುರಗಿಗೆ ಕೆಂಪು ಬಾಳೆಗೊನೆ ಒಯ್ಯಲು ಬಂದಿದ್ದ ನನ್ನ ಎರಡು ಬಂಡಿಗಳು ಖಂಡೆಪ್ಪನ ತೋಟದ ಮನೆಯ ಮುಂದೆ ನಿಂತುಬಿಟ್ಟಿದ್ದವು. ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಪಡಸಾಲೆಯಲ್ಲಿ ಖಂಡೆಪ್ಪ, ಅವನ ಹೆಂಡತಿ ಭಾಗಮ್ಮ, ನನ್ನ ಬಂಡಿ ಹೊಡೆಯುವ ಸೂರ್ಯಕಾಂತ ಮತ್ತು ನಾನು ಹುರಿದ ಶೇಂಗಾ ಮುಂದಿಟ್ಟುಕೊಂಡು ಕೂತಿದ್ದೆವು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ತೋಟ ಕಾಯುವ ಮುದುಕ ಮಾಪಣ್ಣ ಕಂಬಳಿ ಹೊದ್ದುಕೊಂಡಿದ್ದ.

ಹಳ್ಳದ ಆಚೆ ದಂಡೆಯಲ್ಲಿ ಏನೋ ಬೆಳ್ಳಗೆ ಸರಿದಾಡಿದ್ದನ್ನು ಕಂಡೆ ಎಂದು ಸೂರ್ಯಕಾಂತ ಹೇಳಿದ್ದೇ ತಡ, ಮುದುಕ ಕಂಬಳಿಯಿಂದ ತಲೆ ಹೊರಗೆ ಹಾಕಿದ.

“ದೂರದಾಗ ಬೆಳ್ಳಗ ಕಂಡದ್ದೆಲ್ಲಾ ದೆವ್ವ ಏನೋ? ಅದು ಯಾರದೋ ಎತ್ತಿದ್ದೀತು. ನಾ ದೆವ್ವಕ್ಕ ನನ್ನ ಕೈಯಾರೆ ಗಿಲಾಸು ತೊಳದು ಕೊಟ್ಟಾಂವ. ನನ್ನ ಮುಂದ ನಿನ್ನ ಕತಿ ಹೇಳಬ್ಯಾಡ.”

“ಹಂಗಾದ್ರ ನೀನೇ ಹೇಳು ಮುತ್ಯಾ,” ಎಂದಳು ಭಾಗಮ್ಮ. ಅಷ್ಟು ಸಾಕಾಗಿತ್ತು. ಮುದುಕ ಎದ್ದು ಕೂತ. ಅವನ ಕಣ್ಣುಗಳು ಹೊಳೆಯತೊಡಗಿದವು.

“ಕೇಳ್ರಿ ಹಂಗಾದ್ರ. ಇಪ್ಪತ್ತೈದು ವರ್ಷದ ಮ್ಯಾಲಿನ ಮಾತು. ನಾ ಆಗ ಕಲಬುರಗ್ಯಾಗ ಆಬ್ದಾರ ಇದ್ದೆ. ಆಬ್ದಾರ ಅಂದ್ರ ಏನು? ಕುಡಿಯೂ ನೀರಿಗೆ, ಶರಬತ್ತಿಗೆ ಕಾವಲು ಇದ್ದಾಂವ. ಒಬ್ಬ ಜಾಗೀರದಾರರ ದೇವಡ್ಯಾಗ, ಅಂದ್ರ ಅವರ ದೊಡ್ಡ ವಾಡೇದಾಗ, ಆ ಕೆಲಸ ಕಲ್ತೆ. ಅಲ್ಲಿ ಒಂದು ಕಾಯ್ದೆ ಇತ್ತು. ಒಡೆಯನ ಕೈಗೆ ಗಿಲಾಸು ಕೊಡೂಕಿಂತ ಮೊದಲ ಆಬ್ದಾರ ಅದರಾಗಿಂದ ಒಂದು ಗುಟುಕ ಬಟ್ಟಲಕ್ಕ ಸುರುವಿ, ತಾ ಕುಡದು, ಎದುರಿಗೆ ನಿಂದ್ರಬೇಕು. ಯಾಕ? ಒಳಗ ವಿಷ ಇದ್ರ ಮೊದಲ ಬೀಳೂದು ಆಬ್ದಾರ... ಒಡೆಯ ಅಲ್ಲ. ಎಷ್ಟು ಛಲೋ ನೌಕರಿ ನೋಡ್ರಿ ಅದು.

“ಜಾಗೀರದಾರರು ಹೈದರಾಬಾದಿಗೆ ಹೋದ ಮ್ಯಾಲ ನಾ ಟೇಸನ್ ಕಡಿ ಇದ್ದ ಸಾಹೇಬರ ಕ್ಲಬ್ಬಿಗೆ ಸೇರಿದೆ. ಅಲ್ಲಿನ ಕಾರಭಾರಿ ವಹಾಬ್ ಸಾಹೇಬರು ಅದೇ ಕಾಯ್ದೆ ಹಿಡದ್ರು. ಬೆರಸಿ ಕೊಟ್ಟದ್ದು ಏನಿದ್ರೂ ಆಬ್ದಾರ ಮೊದಲ ಗುಟುಕ ನೋಡಬೇಕು. ಅಲ್ಲೇ ನನ್ನ ಕುತ್ತಿಗಿಗೆ ಬಂತು. ಯಾಕಂದ್ರ ನಮ್ಮಪ್ಪ ಸಿಂದಿ ಕುಡದು ಕುಡದು ಸತ್ತಾಂವ. ಅವನ ದಿನ ಮುಗದ ಮರುದಿನ ನಮ್ಮವ್ವ ಶೇವಂತಾ ನನ್ನ ಶರಣಬಸಪ್ಪನ ಗುಡಿಗೆ ಕರಕೊಂಡ ಹೋಗಿ, ಹೊಸ್ತಲ ಮುಟ್ಟಿಸಿ, ಒಂದು ಹನಿ ಸೆರೆ ನಾಲಿಗಿಗೆ ಹಚ್ಚಂಗಿಲ್ಲ ಅಂತ ಆಣಿ ಹಾಕಿಸಿದ್ಳು. ಉಳದ ಸಾಹೇಬರದು ನನಗ ಚಿಂತಿ ಇರಲಿಲ್ಲ, ಅವರ ಕಣ್ಣೆದುರಿಗೇ ಸೋಡಾ ಒಡದು ಕೊಟ್ರ ಮುಗೀತು. ಬೆರಸಿ ಕೇಳಾಂವ ಒಬ್ಬನೇ... ವಾಲ್ಟನ್ ಸಾಹೇಬ.

“ಅಮೇರಿಕಾದಾಂವ ಅಂವ. ಕಲ್ಲು ಕೊರಿಯೂ ಯಂತ್ರ ಕೂಡಿಸಾಕ ಬಂದಿದ್ದ. ಮೊದಲ ದಿನಾನೇ ನಾ ಕೈ ಮುಗದು ನನ್ನ ಆಣಿ ಹೇಳಿದೆ. ಅಂವ ನಕ್ಕು, ‘ನಿನ್ನ ಆಣಿ ನೀ ಇಟ್ಕೋ ಮಾಪಣ್ಣ, ನನಗ ನಿನ್ನ ಮ್ಯಾಲ ಭರವಸಿ ಅದ’ ಅಂದ. ಎಷ್ಟು ಮಂದಿ ಅಂತಾರ್ರಿ ಹಂಗ? ಅವತ್ತೇ ನನ್ನ ಕೈ ಹಿಡದು ಕಲಿಸಿದ.

“ನೋಡ್ರಿ ಹ್ಯಾಂಗ. ಗಿಲಾಸಿನ ತಳಕ್ಕ ಒಂದು ಸಕ್ಕರಿ ಗಡ್ಡಿ. ಅದರ ಮ್ಯಾಲ ಕಹಿ ಔಷಧದ್ದು ಮೂರು ಹನಿ, ಸಣ್ಣ ಬಾಟಲ್ಯಾಗ ಇರ್ತಿತ್ತು, ಬಿಟರ್ಸ್ ಅಂತಿದ್ದ ಅದಕ್ಕ. ಮೂರೇ ಮತ್ತ, ನಾಕಲ್ಲ. ಒಂದು ಚಮಚಾ ನೀರು. ಸಕ್ಕರಿ ಕರಗೂತನಕ ತಿಕ್ಕಬೇಕು, ಅವಸರ ಮಾಡಿದ್ರ ಹಲ್ಲಿಗೆ ಹತ್ತತದ. ಆಮ್ಯಾಲ ಎರಡು ಬೆರಳು ವಿಸ್ಕಿ. ಬರ್ಫದ, ಅಂದ್ರ ಐಸಿನ, ಒಂದೇ ದೊಡ್ಡ ತುಂಡು, ಅದು ಮುಂಬೈಲಿಂದ ರೈಲಿನಾಗ ಕಟಗಿ ಹೊಟ್ಟಿನಾಗ ಹೊಚಗೊಂಡು ಬರ್ತಿತ್ತು. ಕಡೀಕ ಕಿತ್ತಳಿ ಸಿಪ್ಪಿ... ಅದು ಈ ಖಂಡೆಪ್ಪನ ಅಪ್ಪ ಅಣವೀರಪ್ಪನ ತ್ವಾಟದ್ದು, ಇಲ್ಲೇ ಕಮಲಾಪುರದ್ದು. ಸಿಪ್ಪಿ ಗಿಲಾಸಿನ ಮ್ಯಾಲ ಹಿಡದು ಹಿಂಡಬೇಕು. ಅದರ ಎಣ್ಣಿ ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಗೊತ್ತಾಗ್ತದ. ಏನು ವಾಸನಿ ಅಂತೀರಿ... ಕುಡೀದೇ ಇದ್ದ ನನಗೂ ಬಾಯಾಗ ನೀರು.”

“ಒಂದು ಗಿಲಾಸು ಕುಡೀಲಿಕ್ಕೆ ಇಷ್ಟೆಲ್ಲಾ ಯಾಕಪಾ?” ಎಂದು ಖಂಡೆಪ್ಪ ಕೇಳಿದ.

“ನಾನೂ ಅದೇ ಕೇಳಿದೆ. ಅದಕ್ಕ ಅಂವ ಹೇಳಿದ, ‘ನಮ್ಮ ಮುತ್ಯಾನ ಕಾಲಕ್ಕ ನಮ್ಮ ದೇಶದಾಗ ಕಾಕ್ಟೇಲ್ ಅಂದ್ರ ಇಷ್ಟೇ ಇತ್ತು. ಸೆರೆ, ಸಕ್ಕರಿ, ನೀರು, ಕಹಿ. ಆಮ್ಯಾಲ ಶಹರದ ಅಂಗಡಿಯವರು ಶಾಣ್ಯಾ ಆದ್ರು. ಅದನ್ನ ಸುರುವು, ಇದನ್ನ ತೇಲಿಸು, ಹಣ್ಣಿನ ಹೋಳು ಸಿಗಸು... ಮುದುಕರಿಗೆ ಸಿಟ್ಟು ಬಂತು. ಏ, ನಮಗ ಹಳೀ ಪದ್ಧತಿದು ಕೊಡ್ರೋ ಅಂತ ಮೇಜು ಬಡದ್ರು. ಆ ಬೈಗಳೇ ಅದರ ಹೆಸರಾತು, ಓಲ್ಡ್ ಫ್ಯಾಶನ್ಡ್.’ ಹೊತ್ತು ಮುಳುಗೂ ಮುಂದ ಕ್ಲಬ್ಬಿನ ಪಡಸಾಲಿ ಬೆತ್ತದ ಕುರ್ಚ್ಯಾಗ ಕುಂತು ಅಂವ ಎದುರಿನ ಮೇಜಿನ ಮ್ಯಾಲ ಮೂರು ಸಲ ಬೆರಳ ಬಡಿತಿದ್ದ. ನಾ ಒಯ್ದು ಕೊಡ್ತಿದ್ದೆ. ಮೊದಲ ಗುಟುಕಿಗೆ ಎದಿ ಆಳದಿಂದ ‘ಹಾ...’ ಅಂತಿದ್ದ. ಆ ಒಂದು ದನಿ ಕೇಳಾಕ ನಾ ದಿನಾ ದುಡೀತಿದ್ದೆ, ಖರೇ ಹೇಳ್ತೀನಿ.

“ಒಂದು ವರ್ಷ, ಹೋಳಿ ಹುಣ್ಣಿಮಿ ಮುಂದ, ಕಹಿ ಬಾಟಲಿ ಮುಗೀತು. ಹೊಸಾದು ಮುಂಬೈಲಿಂದ ಬರಬೇಕಂದ್ರ ತಿಂಗಳು. ಇಲ್ಲ ಅನ್ನೂದು ಆಬ್ದಾರನ ಬಾಯಾಗ ಬರಬಾರದು, ಹಂಗ ಕಲ್ತಾಂವ ನಾ. ಹಕೀಮ ಇಮಾಮುದ್ದೀನ್ ಸಾಹೇಬರ ಅಂಗಡಿಯಿಂದ ನೆಲಬೇವಿನ ಕಡ್ಡಿ ತಂದೆ. ಅದು, ಕಿತ್ತಳಿ ಸಿಪ್ಪಿ, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿ... ಎಲ್ಲಾ ವಿಸ್ಕಿಯಾಗ ನಾಕು ದಿನ ನೆನಸಿದೆ. ಬಣ್ಣ ಅದೇ, ವಾಸನಿ ಹತ್ತಿರ ಹತ್ತಿರ ಅದೇ. ರುಚಿ? ಯಾರಿಗೆ ಗೊತ್ತು? ನಾ ನೋಡಂಗಿಲ್ಲಲ್ಲ.

“ಅವತ್ತು ಸಾಹೇಬಗ ಸಣ್ಣಗ ಜ್ವರ ಇತ್ತು. ಆದ್ರೂ ಬಂದು ಬೆರಳ ಬಡದ. ಕೊಟ್ಟೆ. ಒಂದು ಗುಟುಕ ಕುಡದು ನನ್ನ ಮಾರಿ ನೋಡಿದ. ‘ಹಾ’ ಅನ್ನಲಿಲ್ಲ. ಗಿಲಾಸು ಖಾಲಿ ಮಾಡಿ ಹೋದ. ಮರುದಿನ ಹೊತ್ತು ಏರೂದ್ರಾಗ... ಹೋಗೇಬಿಟ್ಟ.

“ವಹಾಬ್ ಸಾಹೇಬರು ನನ್ನ ಬೈಲಿಲ್ಲ. ಒಂದೇ ಮಾತ ಕೇಳಿದ್ರು. ‘ಗುಟುಕ ನೋಡಿದ್ಯೇನೋ?’ ‘ಇಲ್ರಿ.’ ‘ಹಂಗಾದ್ರ ಅದು ಅಂವನ್ನ ಕೊಂದಿಲ್ಲ ಅಂತ ನಿನಗ ಹ್ಯಾಂಗ ಗೊತ್ತು?’ ಜ್ವರ ಕೊಂತೋ, ನನ್ನ ಕೈ ಕೊಂತೋ...

“ಅಂವನ್ನ ಮಣ್ಣು ಮಾಡಿದ ಮೂರನೇ ಸಂಜಿ. ನಾ ಗಿಲಾಸು ಒರಸಾಕತ್ತಿದ್ದೆ. ಬೆತ್ತದ ಕುರ್ಚಿ ಕಿರ್ ಅಂತು. ಆಮ್ಯಾಲ... ಟಕ್, ಟಕ್, ಟಕ್. ಓಡಿ ಹೋದಿ ಏನು ಅಂತೀರಿ? ಇಲ್ಲ. ರೂಢಿ ನೋಡ್ರಿ, ನನ್ನ ಬಾಯಿ ತಾನೇ ‘ಹಾಜರ್ ಸಾಬ್’ ಅಂತು, ಕೈ ತಾನೇ ಸಕ್ಕರಿ ತಗೀತು. ಅದೇ ನೆಲಬೇವಿನ ಕಹಿ ಹಾಕಿ ಮಾಡಿ ಒಯ್ದು ಇಟ್ಟೆ. ಕುರ್ಚ್ಯಾಗ ಯಾರೂ ಇಲ್ಲ, ಬೆತ್ತ ಮಾತ್ರ ಒಳಗ ಜಗ್ಗ್ಯಾದ, ಮನಿಷಾ ಕುಂತಂಗ. ಮುಂಜಾನಿ ಬಂದು ನೋಡ್ತೀನಿ, ಗಿಲಾಸು ಹಂಗೇ ಅದ. ಬರ್ಫ ಕರಗಿಲ್ಲ. ಹೋಳಿ ಧಗಿಯಾಗ, ನಮ್ಮ ಕಲಬುರಗ್ಯಾಗ, ಇಡೀ ರಾತ್ರಿ ಬರ್ಫ ಕರಗಿಲ್ಲ ಅಂದ್ರ ಏನ್ರಿ ಅದು?

“ಏಳು ದಿನ ಹಂಗೇ. ಬಡಿಯೂದು, ಒಯ್ಯೂದು, ಮುಟ್ಟದೇ ಇರೂದು. ಸಾಹೇಬರೆಲ್ಲಾ ಕ್ಲಬ್ಬಿಗೆ ಬರೂದು ಬಿಟ್ರು. ಎಂಟನೇ ಸಂಜಿ ನಾ ಗಿಲಾಸು ಇಟ್ಟು ಹೊಳ್ಳಿದೆ. ಹಿಂದ ಮೇಜಿನ ಮ್ಯಾಲ ಸರ್... ಅಂತ ದನಿ. ನೋಡ್ತೀನಿ, ಗಿಲಾಸು ತಾನೇ ಸರಕೋತ ನನ್ನ ಕಡಿ ಬರಾಕತ್ತದ. ಮೇಜಿನ ಅಂಚಿಗೆ ಬಂದು ನಿಂತಿತು. ಅವಾಗ ತಿಳೀತು ನನಗ. ಜೀವ ಇದ್ದಾಗ ನನ್ನ ಮೊದಲ ಗುಟುಕ ಮಾಫಿ ಮಾಡಿದ್ದ. ಈಗ ಕಾಯ್ದೆ ಕೇಳಾಕತ್ತಾನ.

“ಏನು ಮಾಡ್ಲಿ ಹೇಳ್ರಿ? ಕುಡದ್ರ ನಮ್ಮವ್ವನ ಆಣಿ ಮುರೀತದ. ವಿಷ ಇದ್ರ ನಾನೂ ಹೋಗ್ತೀನಿ. ಕುಡೀದಿದ್ರ ನಾ ಕೊಂದೆನೋ ಇಲ್ಲೋ ಅನ್ನೂದು ಸಾಯೂತನಕ ಗೊತ್ತಾಗಂಗಿಲ್ಲ. ಗೊತ್ತಾಗದೇ ಬದುಕೂದು ನನ್ನ ಕೈಲೆ ಆಗಂಗಿರಲಿಲ್ಲ... ಅವ್ವನ ನೆನಸಿದೆ, ಶರಣಬಸಪ್ಪನ ನೆನಸಿದೆ, ಬಟ್ಟಲಕ್ಕ ಒಂದು ಗುಟುಕ ಸುರುವಿ ಕುಡದೆ.

“ಅಬ್ಬಬ್ಬಬ್ಬಾ... ಮೊದಲ ಸಿಹಿ. ಅದರ ಹಿಂದಿಂದ ಕಹಿ ಬಂದು ನಾಲಿಗಿ ಹಿಡೀತು. ಆಮ್ಯಾಲ ಬೆಂಕಿ ಎದಿಯಾಗ ಇಳೀತು, ಮೂಗಿನ ತುಂಬ ಕಮಲಾಪುರದ ಕಿತ್ತಳಿ. ಇಷ್ಟು ವರ್ಷ ನನ್ನ ಕೈ ಮಾಡಿದ್ದು ಇದಾ? ಎದುರಿಗೆ ನಿಂತೆ, ಕಾಯ್ದೆ ಪ್ರಕಾರ. ಬೀಳ್ತೀನಿ, ಈಗ ಬೀಳ್ತೀನಿ ಅಂತ ಕಾದೆ. ಬೀಳಲಿಲ್ಲ. ನಾ ಕೊಂದಿಲ್ಲ. ಜ್ವರಾನೇ ಕೊಂದದ್ದು. ಎಷ್ಟು ಖುಷಿ ಆತು ಅಂದ್ರ ಅಲ್ಲೇ ಕುಣೀಬೇಕು ಅನಸ್ತು. ಅಷ್ಟೊತ್ತಿಗೆ ಕೇಳ್ತು... ‘ಹಾ...’

“ಅದೇ ದನಿ. ಎದಿ ಆಳದ್ದು. ಕುರ್ಚಿ ಕಡಿ ನೋಡಿದೆ. ಬೆತ್ತ ಮ್ಯಾಲ ಎದ್ದಿತ್ತು, ಖಾಲಿ. ಆ ದನಿ ಬಂದದ್ದು ನನ್ನ ಗಂಟಲದಿಂದ.”

ಸೂರ್ಯಕಾಂತ ಶೇಂಗಾ ತಿನ್ನುವುದನ್ನು ನಿಲ್ಲಿಸಿದ್ದ. ಮುದುಕ ಕಂಬಳಿಯನ್ನು ಹೆಗಲಿಗೆ ಎಳೆದುಕೊಂಡ.

“ಸತ್ತವರಿಗೆ ನಾಲಿಗಿ ಎಲ್ಲಿಂದ ಬರಬೇಕು? ಏಳು ದಿನ ಅಂವಗ ಕುಡ್ಯಾಕ ಆಗದಿದ್ದುದು ಅದಕ್ಕೇ. ನಾ ಮೊದಲ ಗುಟುಕ ಕುಡದು ನನ್ನ ನಾಲಿಗಿಗೇ ದಾರಿ ಮಾಡಿಕೊಟ್ಟೆ. ನೌಕರಿ ಬಿಟ್ಟು ಇಲ್ಲಿ ಬಂದೆ, ಆಮ್ಯಾಲ ಒಂದು ಹನಿ ಮುಟ್ಟಿಲ್ಲ ನಾ... ಆದ್ರ ದಿನಾ ಹೊತ್ತು ಮುಳುಗಿದ್ರ ಸಾಕು, ನನ್ನ ಬಾಯಾಗ ಮೊದಲ ಸಿಹಿ, ಆಮ್ಯಾಲ ಕಹಿ.”

ಒಳಗೆ ಕತ್ತಲಾಗುತ್ತಿತ್ತು. ಭಾಗಮ್ಮ ಕಂದೀಲು ಹಚ್ಚಲು ಎದ್ದಳು. ಕಿತ್ತಳೆಯ ಕಾಲವಲ್ಲದಿದ್ದರೂ ಕಟ್ಟೆಯ ಕಡೆಯಿಂದ ಆಗತಾನೆ ಹಿಂಡಿದ ಸಿಪ್ಪೆಯ ವಾಸನೆ ಬಂತು. ಮಾಪಣ್ಣ ಅವಳತ್ತ ಕೈ ಎತ್ತಿದ. ಅವನ ತುಟಿಗಳು ಒದ್ದೆಯಾಗಿದ್ದವು.

“ಜರಾ ತಡಿ ಭಾಗವ್ವಾ,” ಎಂದ, “ಅಂವನ ಗಿಲಾಸು ಇನ್ನೂ ಅರ್ಧ ಉಳದಾದ.”