ಶಟರಿಗೆ ಕಟ್ಟಿದ ನಿಂಬೆಹಣ್ಣು

ಗೋವಾದ ಫಾತೋರ್ಡಾದಲ್ಲಿ ಮಳೆ ಹಿಡಿಯಿತೆಂದರೆ ಹೊಸ ಗಿರಾಕಿ ಬರುವುದಿಲ್ಲ, ಒಳಗಿದ್ದವರು ಹೊರಗೆ ಹೋಗುವುದಿಲ್ಲ. ಆ ಶನಿವಾರ ಸಂಜೆ ಪಂಚಾಕ್ಷರಿಯ ಬಟ್ಟೆ ಅಂಗಡಿಯಲ್ಲಿ ಅವನು, ಹೆಂಡತಿ ನೇತ್ರಾ, ಅಂಗಡಿಯ ರಿಪೇರಿ ಕೆಲಸದ ಮುದುಕ ಫಿಟ್ಟರ್ ಕಂಠೆಪ್ಪ, ಮೂವರೇ ಇದ್ದರು. ಮಹಡಿಯ ಮೇಲೆ ಆರು ಹೆಣ್ಣುಮಕ್ಕಳು ಹೊಲಿಗೆ ಮಷೀನು ತುಳಿಯುತ್ತಿದ್ದರು. ಮುದುಕನನ್ನು ಚಹಾಕ್ಕೆ ಕೂರಿಸಿದ್ದು ಬರೀ ನೆಪ. ಪಂಚಾಕ್ಷರಿಗೆ ಕಳ್ಳನನ್ನು ಹಿಡಿಯಬೇಕಿತ್ತು.

ಗೋದಾಮಿಗೂ ಮಹಡಿಯ ಮೆಟ್ಟಿಲಿಗೂ ನಡುವೆ ಬೆಂಕಿ ತಡೆಯುವ ಶಟರ್ ಕೂರಿಸಿ ತಿಂಗಳಾಗಿತ್ತು. ಅಗ್ಗದ್ದು ಬೇಡ, ಎರಡು ತಾಸು ತಡೆಯುವುದೇ ಇರಲಿ ಎಂದು ಹಟ ಹಿಡಿದು ಆರಿಸಿದವನು ಕಂಠೆಪ್ಪನೇ. ಅದನ್ನು ಎತ್ತಿ ಹಿಡಿದ ಸರಪಳಿಯ ನಡುವೆ ಬೆರಳಷ್ಟು ಲೋಹದ ತುಂಡು. ಬೆಂಕಿಯ ಕಾವಿಗೆ ಅದು ಕರಗಿದರೆ ಸರಪಳಿ ಬಿಟ್ಟುಕೊಂಡು ಶಟರ್ ತಾನೇ ಇಳಿಯುತ್ತದೆ. ಹೊಸ ಶಟರಿಗೆ ದೃಷ್ಟಿಯಾಗಬಾರದೆಂದು ನೇತ್ರಾ ಪ್ರತಿ ಶನಿವಾರ ಬೆಳಿಗ್ಗೆ ಆ ತುಂಡಿನ ಮೇಲೆಯೇ ತಂತಿ ಬಿಗಿಸಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದಳು. ಮೂರು ಶನಿವಾರವೂ ಸಂಜೆಯೊಳಗೆ ಯಾರೋ ಅದನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದರು.

“ಹಿಂದಿನ ಬಾಗಲಾ ಕೀಲಿ ಇರೂದು ನಿನ್ನ ಕಡೆ,” ಎಂದ ಪಂಚಾಕ್ಷರಿ. “ಇವತ್ತ ಮುಂಜಾನಿಂದ ನಿನ್ನ ಅಂಗಡಿ ಮುಂದಿನ ಕೆಲಸಕ್ಕ ಹಚ್ಚಿ ಕಾಯಾಕತ್ತೇನಿ. ನೋಡಿಲ್ಲೆ, ಇವತ್ತ ಬಿಚ್ಚಿಲ್ಲ!” ಎಂದು ಗೋದಾಮಿನ ಪರದೆ ಸರಿಸಿದ. ಗೆದ್ದ ಖುಷಿ ಅವನಿಗೆ.

ಕಂಠೆಪ್ಪ ಹೌಹಾರಿದ. “ಅಲ್ಲಿ ಕಟ್ಟೀರೇನ್ರಿ? ಮೊದಲ ಬಿಚ್ಚಸ್ರಿ!”

“ಮೊದಲ ಖರೇ ಹೇಳು.”

“ಬಿಚ್ಚಿದ ತಂತಿ ಎಲ್ಲದಾವ್ರಿ?”

ನೇತ್ರಾ ಗಲ್ಲೆಪೆಟ್ಟಿಗೆಯಿಂದ ತೆಗೆದುಕೊಟ್ಟಳು. ಮೂರೂ ತಂತಿಗಳನ್ನು ಬಳೆಯಂತೆ ದುಂಡಗೆ ಸುತ್ತಲಾಗಿತ್ತು. ಮುದುಕ ಅವನ್ನು ತಿರುಗಿಸಿ ತಿರುಗಿಸಿ ನೋಡಿದ, ತಲೆ ಎತ್ತಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡ ಪಂಚಾಕ್ಷರಿ.

“ಕೇಳ್ರಿ ಹಂಗಾರ... ಪಣಜ್ಯಾಗ ಹಿಂತಾದ ಒಂದು ಅಂಗಡಿ ಇತ್ತು. ಅಲ್ಲೂ ಶಟರ್ ಕೂಡ್ಸಿದಾಂವ ನಾನ. ವಾಚ್‌ಮನ್ ನಮ್ಮೂರ ಖೀರಪ್ಪ, ನನ್ನ ಜೀವದ ಗೆಣ್ಯಾ. ಮಾಲಕ ನಿಂಬಿಹಣ್ಣ ಅಲ್ಲೇ ಕಟ್ಟು ಅಂದ, ನಾ ಕಟ್ಟಿದೆ. ತುಂಡ ಕರಗಿದ್ರೂ ತಂತಿ ಸರಪಳಿ ಬಿಡೂದಿಲ್ಲ, ಶಟರ್ ಇಳಿಯೂದಿಲ್ಲ... ಗೊತ್ತಿತ್ರಿ ನನಗ. ಗೊತ್ತಿದ್ದೂ ಕಟ್ಟಿದೆ! ದೇವರ ಕೆಲಸಕ್ಕ ಬ್ಯಾಡ ಅನ್ನೂದು ಹೆಂಗ, ನೀವ ಹೇಳ್ರಿ? ಖೀರಪ್ಪ ಬಿಚ್ಚಿದ. ಮುಂದಿನ ಶನಿವಾರ ನಾ ಮತ್ತ ಕಟ್ಟಿದೆ, ಅಂವ ಮತ್ತ ಬಿಚ್ಚಿದ... ತಂತಿ ದುಂಡಗ ಸುತ್ತಿ, ಇದು ನನ್ನ ಮಗಳ ಕೈಬಳಿ ಅಳತಿ ಅಂತ ನಗತಿದ್ದ. ಹಿಂಗ ಮೂರು ಸಲ ಆತು. ನಾಕನೇ ಸಲ ಮಾಲಕ ಗುಡಗಿದ, ಇನ್ನ ಮುಟ್ಟಿದ್ರ ಕೆಲಸ ಇಲ್ಲ ಅಂತ. ಖೀರಪ್ಪ ಬಿಚ್ಚಲಿಲ್ಲ... ಅವತ್ತ ಸಂಜಿನ ಗೋದಾಮಿಗೆ ಬೆಂಕಿ ಹತ್ತಿತು. ಶಟರ್ ಮ್ಯಾಲ ನಿಂತಂಗ ನಿಂತಿತ್ತು, ಹೊಗಿ ಮೆಟ್ಟಲಾ ಹತ್ತಿ ಹೋತು. ಮ್ಯಾಲಿನವ್ರನ್ನ ಕರ್ಯಾಕ ಓಡಿದ ಖೀರಪ್ಪ... ಇಳದ ಬರಲಿಲ್ರಿ. ಹತ್ತ ವರ್ಷಾತು, ನಾ ಇನ್ನೂ ಪೂರಾ ನಿದ್ದಿ ಮಾಡಿಲ್ಲ.”

ನೇತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಕತಿ ಚಲೋ ಕಟ್ಟತಿ,” ಎಂದ ಪಂಚಾಕ್ಷರಿ. ದನಿ ಮಾತ್ರ ಇಳಿದಿತ್ತು.

ಕಂಠೆಪ್ಪ ಸಿಟ್ಟಾಗಲಿಲ್ಲ. ತಂತಿಯ ಬಳೆಯೊಂದನ್ನು ಬೆಳಕಿಗೆ ಹಿಡಿದು ನೋಡಿದ. “ಹಿಂಗ ಸುತ್ತಾಂವ ಅಂವ ಒಬ್ಬನ ಇದ್ದ. ಅಕ್ಕಾರ, ಇವತ್ತ ಕಟ್ಟಿದ್ದು ಎಷ್ಟನೇದ್ರಿ?”

ನೇತ್ರಾ ಬೆರಳು ಮಡಚಿ ಎಣಿಸಿದಳು. “ನಾಕನೇದು.”

ಮೂವರೂ ತಲೆಯೆತ್ತಿದರು. ಬೆಳಿಗ್ಗೆ ಕಟ್ಟಿದ ನಿಂಬೆಹಣ್ಣು ಅಲ್ಲೇ ತೂಗುತ್ತಿತ್ತು. ಮೇಲೆ ಮಷೀನುಗಳು ಓಡುತ್ತಲೇ ಇದ್ದವು. ಪಂಚಾಕ್ಷರಿ ಸ್ಟೂಲು ಹುಡುಕತೊಡಗಿದ.

ಕಂಠೆಪ್ಪ ಅವನ ತೋಳು ಹಿಡಿದ. “ಸಾವ್ಕಾರ್ರ... ಖೀರಪ್ಪ ಇವತ್ತ ಬಿಚ್ಚಿಲ್ಲ. ತಂತಿ ಆಮ್ಯಾಲ ಬಿಚ್ಚೂಣು, ಮೊದಲ ಮ್ಯಾಲಿನ ಹೆಣ್ಮಕ್ಕಳನ್ನ ಕೆಳಗ ಕರೀರಿ.”