ಒಂದೂ ಖಾಲಿ ಬಿಡಬೇಡ

...ಮುಖ ತಿರುಗಿಸ್ಬೇಡ, ಇತ್ತ ಕೊಡು ನೀನು ಗುರುತು ಹಾಕ್ಕೊಂಡು ಬಂದ ಆ ಪ್ರಶ್ನೆಪತ್ರಿಕೆ! ನಿನ್ನೆ ಪರೀಕ್ಷೆ ಬರೆದು ಬಂದಾಗಿಂದ ಮೂಗಿ ಥರ ಕೂತಿದ್ದೀಯ. ನನ್ನ ಮಗೂನ ಸೊಂಟದಿಂದ ಇಳಿಸ್ಬೇಡ, ಅತ್ತರೆ ನನಗೆ ಸಂಭಾಳಿಸೋಕಾಗಲ್ಲ. ಆಫೀಸಿಗೆ ಹೊತ್ತಾಯ್ತು, ತಲೆ ಬಾಚ್ಕೊಳ್ತಾ ನೋಡ್ತೀನಿ.

ಹೂಂ... 'ಮೇಲಿನ ಎಲ್ಲವೂ'. ಹೇಳಿದ್ನೋ ಇಲ್ವೋ? ಅದು ಕಂಡರೆ ಕಣ್ಮುಚ್ಚಿ ಹಾಕು. ಎಲ್ಲಕ್ಕಿಂತ ಉದ್ದದ ಉತ್ತರ ಕಂಡರೆ ಅದನ್ನೇ ಹಾಕು. 'ಯಾವಾಗಲೂ', 'ಎಂದಿಗೂ' ಅಂತ ಬಡಾಯಿ ಕೊಚ್ಚೋ ಉತ್ತರಾನ ಬಿಟ್ಟಾಕು. ಏನೂ ತೋಚದಿದ್ರೆ 'ಸಿ'. ಯಾಕೆ ನಗ್ತೀಯ? ನಾನು ಬುದ್ಧಿವಂತೆ ಅಂತ ಕೆಲಸ ಕೊಟ್ರಾ? ಒಂದು ಕುರ್ಚಿ ಎಸೀತಾರೆ, ಸಾವಿರ ಜನ ಕಚ್ಚಾಡ್ಲಿ ಅಂತಾನೇ ಎಸೀತಾರೆ! ಕಚ್ಚೋಕೆ ಬರ್ಬೇಕು, ಅಷ್ಟೇ. ನಿಂಗೆ ಹಲ್ಲೇ ಇಲ್ಲ ಕಣೆ. ಇದ್ದಿದ್ರೆ ಗಂಡ ಹೊಡೆದು ಆಚೆ ಹಾಕಿದಾಗ ಅಣ್ಣನ ಮನೆ ಅಡುಗೆಮನೆಗೆ ಬರ್ತಿದ್ಯಾ?

ಉರೀತಾ? ಉರೀಲಿ. ನಿಮ್ಮಣ್ಣ ಹೇಳಲ್ಲ, ಅತ್ತಿಗೆ ನಾನೇ ಹೇಳ್ಬೇಕು. ಕೆಲಸ ಸಿಕ್ಕಿದ್ರೆ ಬೇರೆ ಊರು, ನಿಂದೇ ಕೋಣೆ, ನಿಂದೇ ಬೀಗ. ಸಿಗದಿದ್ರೆ ಇಲ್ಲೇ ಇರು, ಯಾರು ಬೇಡ ಅಂದ್ರು? ಪಾತ್ರೆ ಇದೆ, ಬಟ್ಟೆ ಇದೆ, ಮಗು ಇದೆ...

ಇದೇನಿದು? ಇಲ್ಲಿ ಗುರುತೇ ಹಾಕಿಲ್ಲ. ಈ ಪುಟದಲ್ಲೂ... ಇಷ್ಟೊಂದು ಬಿಟ್ಟಿದ್ದೀಯಾ? ಅಯ್ಯೋ ದಡ್ಡಿ! ಗೊತ್ತಿರ್ಲಿ ಬಿಡ್ಲಿ, ಉತ್ತರದ ಹಾಳೇಲಿ ಎಲ್ಲಾದಕ್ಕೂ ಒಂದೊಂದು ವೃತ್ತ ಕಪ್ಪು ಮಾಡು, ಒಂದೂ ಖಾಲಿ ಬಿಡಬೇಡ ಅಂತ ಬಡ್ಕೊಂಡೆ!

ಏನು? ಮೊದಲ ಪುಟ ಯಾಕೆ ತೋರಿಸ್ತೀಯ? ಸೂಚನೆ ಓದ್ತಾ ಕೂರ್ಬೇಡ, ಹೊತ್ತು ಹಾಳು ಅಂದಿದ್ದೆ... ಓದಿದ್ಯಾ?

ಬೆರಳು ತೆಗಿ, ನನಗೂ ಕಣ್ಣಿದೆ. 'ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯಲಾಗುವುದು'. ಇದು... ಈ ಸಲ ಹೊಸದಾಗಿ ಸೇರಿಸಿರ್ಬೇಕು. ನಾನು ಬರೆದಾಗ ಗೊತ್ತಿಲ್ಲದ್ದನ್ನೆಲ್ಲ ಖಾಲಿ ಬಿಟ್ಟೇ...

ಏನಾದ್ರೂ ಅನ್ನು. ಬೈ! ಹಾಗೆ ನೋಡ್ಬೇಡ... ನೋಡ್ಬೇಡ ಅಂದೆ!

ಹೌದು ಕಣೆ, ಗೊತ್ತಿತ್ತು! ಗೊತ್ತಿದ್ದೇ ಹೇಳ್ದೆ! ನೀನು ಹೋದ್ರೆ ಇವನನ್ನ ಯಾರು ನೋಡ್ಕೊಳ್ತಾರೆ? ನಿಮ್ಮಣ್ಣನಾ? ಆಫೀಸಲ್ಲಿ ತೊಟ್ಟಿಲು ಕಟ್ಟಿಸ್ತಾರಾ? ನಿಂಗೆ ಕುರ್ಚಿ ಬಂದ್ರೆ ನನ್ನ ಕುರ್ಚಿ ಹೋಗತ್ತೆ. ಆ ಪಾತ್ರೆ ಮುಂದೆ ನಾನು ಕೂರ್ಬೇಕು... ನಾನು!

ಏ, ಏ! ಮಗೂನ ನನ್ನ ಮಡಿಲಿಗೆ ಯಾಕೆ ಹಾಕ್ತೀಯ? ಇಸ್ತ್ರಿ ಬಟ್ಟೆ ಕಣೆ... ಎಲ್ಲಿಗೆ? ಚಪ್ಪಲಿ ಯಾಕೆ ಮೆಟ್ಕೊಂಡೆ? ಇನ್ನೂ ರಿಸಲ್ಟೇ ಬಂದಿಲ್ವಲ್ಲೇ...

ನಿಲ್ಲು! ನೋಡು, ನಿನ್ನ ಕಡೇನೇ ಕೈ ಚಾಚ್ತಿದ್ದಾನೆ... ಒಂದು ಮಾತು ಆಡಿ ಹೋಗೇ... ಏ... ನನಗಿವನನ್ನ ಸುಮ್ಮನಿರಿಸೋಕೆ ಬರಲ್ಲ ಕಣೆ!